ಬಿಳಿ ಕುದುರೆಯ ಗಂಟು

"ಮೂಗು ಮುಚ್ಚಿಕೋಬ್ಯಾಡಲೇ! ನಿಮ್ಮಪ್ಪ ಸತ್ತ ಎಮ್ಮಿ ಸುಲದ ಕೈಲೇ ನಿನಗ ಉಣಿಸಿ ಬೆಳಿಸ್ಯಾನ. ಈಗ ನನ್ನ ಕುದುರಿ ಗಾಯದ ವಾಸನಿ ಬರಾಕತ್ತೇತೇನು ನಿನಗ?"

ಪ್ರಭುಲಿಂಗಪ್ಪ ಕುರ್ಚಿಯಿಂದ ಏಳದೆಯೇ ಗದರಿದ. ಹೊಳಿಯವ್ವ ಮೂಗು ಮುಚ್ಚಿಕೊಂಡಿರಲಿಲ್ಲ. ಬೆಳಗಿನಿಂದ ಬ್ಯಾಡಗಿಯ ಮಾರುಕಟ್ಟೆ ಯಾರ್ಡಿನಲ್ಲಿ ಇದೇ ಸಾಹುಕಾರನ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಮುರಿದು ಬಂದಿದ್ದಳು. ಸೀನು ಬಂದಿತ್ತು. ಖಾರದ ಕೈ ಮುಖಕ್ಕೆ ತಾಗಬಾರದೆಂದು ಮೊಣಕೈಯಿಂದ ಮೂಗು ಒರೆಸಿಕೊಂಡಳು. ಅಷ್ಟಕ್ಕೇ ಸತ್ತು ಹನ್ನೆರಡು ವರ್ಷವಾದ ಅಪ್ಪನನ್ನು ಎಬ್ಬಿಸಿ ತಂದು ಹಿತ್ತಲಲ್ಲಿ ನಿಲ್ಲಿಸಿದ್ದಾಯಿತು.

"ಕೈ ತೊಳಿಯಾಕ ನೀರು ಬೇಕ್ರಿ ಸಾವ್ಕಾರ್ರ. ಖಾರದ ಕೈಲೇ ಹಚ್ಚಿದ್ರ ಕುದುರಿ ಸುಮ್ಮ ನಿಂದ್ರೂದಿಲ್ಲ."

ನಲ್ಲಿ ಅಲ್ಲೇ ಇತ್ತು, ನಾಲ್ಕು ಹೆಜ್ಜೆಯಲ್ಲಿ. ಕುದುರೆ ಕುಡಿಯುವ ಬಕೆಟ್ಟೂ ಅದರ ಕೆಳಗೇ ಇತ್ತು. ಆದರೆ ಸಾಹುಕಾರನ ಹೆಂಡತಿ ಸಿದ್ದವ್ವ ಒಳಗಿನಿಂದ ತಂಬಿಗೆ ಹಿಡಿದು ಬರುವವರೆಗೆ ಹೊಳಿಯವ್ವ ಅಂಗೈ ಚಾಚಿ ನಿಂತಿರಬೇಕು. ಸಿದ್ದವ್ವ ಎದೆಯೆತ್ತರದಿಂದ ನೀರು ಬಿಟ್ಟಳು.

"ಅತ್ತಾಗ ಸರದು ನಿಂದ್ರ, ಸಿಡಿತೈತಿ."

ಕೈ ತೊಳೆದು, ಮನೆಯಿಂದ ತಂದ ಹುಳಿಮಜ್ಜಿಗೆಯಲ್ಲಿ ಮತ್ತೊಮ್ಮೆ ತಿಕ್ಕಿ, ಹೊಳಿಯವ್ವ ಚಾಂದನಿಯ ಎಡಮಗ್ಗುಲಿಗೆ ಕುಕ್ಕರಗಾಲಲ್ಲಿ ಕುಳಿತಳು. ಚಾಂದನಿ ಬಿಳಿ ಕುದುರೆ, ಹೆಣ್ಣು. ಎರಡು ವರ್ಷದ ಹಿಂದೆ ರಾಣೆಬೆನ್ನೂರಿನ ಚಾಂದಸಾಬನ ಕಡೆಯಿಂದ ಪ್ರಭುಲಿಂಗಪ್ಪ ಕೊಂಡು ತಂದದ್ದು. ಅವನ ಮಂದಿಯ ಮದುವೆ, ದೇವರ ಉತ್ಸವ, ಯಾವುದೇ ಇರಲಿ, ಇದು ಮುಂದೆ ನಡೆದರೆ ಸಾಹುಕಾರನ ಮೀಸೆ ಒಂದು ಗೇಣು ಮೇಲೇಳುತ್ತಿತ್ತು. ಮುಂಗಾಲಿನ ಹಿಂದೆ, ಜೀನಿನ ಹೊಟ್ಟೆಪಟ್ಟಿ ಬಿಗಿಯುವ ಜಾಗದಲ್ಲೇ, ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಪಟ್ಟಿ ತಿಕ್ಕಿ ತಿಕ್ಕಿ ಅದು ಒಡೆದು ರಕ್ತ ಸೋರುತ್ತಿತ್ತು. ಮೊದಲ ಸಲ ಸಾಹುಕಾರ ಯಾರನ್ನೋ ಕರೆಸಿ ಅದನ್ನು ಬ್ಲೇಡಿನಿಂದ ಕೊಯ್ಯಿಸಿದ್ದ. ಎರಡೇ ತಿಂಗಳಲ್ಲಿ ಇಮ್ಮಡಿಯಾಗಿ ಬಂತು. ಆಮೇಲೆ ಬಂದ ದನದ ಡಾಕ್ಟರು, "ಇದು ಕೊಯ್ಯೂವಂಥದ್ದಲ್ರೀ, ಕೊಯ್ದಷ್ಟೂ ಹಟ ಹಿಡದು ಬರ್ತೈತಿ, ಮ್ಯಾಲ ಹಚ್ಚೇ ಒಣಗಿಸಬೇಕು" ಎಂದು ಒಂದು ಟ್ಯೂಬು ಕೊಟ್ಟು ಹೋದರು. ಆದರೆ ಹಚ್ಚುವವರು ಯಾರು? ಹತ್ತಿರ ಹೋದ ಆಳಿನ ಎರಡು ಹಲ್ಲು ಹಿತ್ತಲಲ್ಲೇ ಉಳಿದವು.

ಆಗ ಹೊಳಿಯವ್ವನ ನೆನಪಾಯಿತು. ಅವಳಪ್ಪ ರಾಣೆಬೆನ್ನೂರಿನ ಜಟಕಾ ಸ್ಟ್ಯಾಂಡಿನಲ್ಲಿ ಕುದುರೆಗಳ ತೊಗಲಿನ ಪಟ್ಟಿ ಹೊಲಿಯುತ್ತಿದ್ದ. ತೊಗಲು ಎಲ್ಲಿ ಕಚ್ಚುತ್ತದೆ, ಕಚ್ಚಿದಲ್ಲಿ ಏನು ಏಳುತ್ತದೆ, ಎದ್ದದ್ದನ್ನು ಹೇಗೆ ಉದುರಿಸಬೇಕು ಎಂಬುದು ಅವನಿಗೆ ಗೊತ್ತಿತ್ತು. ಅವನು ಕಲಿಸಿದಂತೆಯೇ ಹೊಳಿಯವ್ವ ಗಂಟಿನ ಸುತ್ತ, ನೆಟ್ಟಗಿರುವ ಚರ್ಮಕ್ಕೆಲ್ಲ, ಔಡಲೆಣ್ಣೆ ದಪ್ಪಗೆ ಸವರಿದಳು. ಆಮೇಲೆ ಕಳ್ಳಿಹಾಲು, ಸುಣ್ಣ, ಅರಿಸಿನ ಕಲಸಿದ ಲೇಪವನ್ನು ಕಡ್ಡಿಯ ತುದಿಯಲ್ಲಿ ತೆಗೆದು ಗಂಟಿನ ಮೇಲೆ ಮಾತ್ರ ಇಟ್ಟಳು. ಒಂದು ಹನಿ ಆಚೆ ಹೋದರೆ ಒಳ್ಳೆಯ ಚರ್ಮವೂ ಸುಡುತ್ತದೆ. ಚಾಂದನಿಯ ಮೈ ನಡುಗಿತು. "ತ್ಚ ತ್ಚ ತ್ಚ, ನನ್ನವ್ವಾ, ನಿಂದ್ರs" ಎಂದು ಹೊಳಿಯವ್ವ ನಾಲಿಗೆ ಲೊಚಗುಟ್ಟಿದಳು. ಕುದುರೆ ನಿಂತಿತು.

ಲೇಪ ಉರಿಯುವಷ್ಟು ಹೊತ್ತು ಕುದುರೆ ಬಾಯಿ ಹಾಕಿ ಗಾಯ ಕಚ್ಚಬಾರದು. ಅದಕ್ಕೆ ಅರ್ಧ ತಾಸು ನಡೆಸಬೇಕು. ದೊಡ್ಡ ರಸ್ತೆಯಲ್ಲಿ ಅವಳು ಕುದುರೆ ಹಿಡಿದು ನಡೆದರೆ ಊರಿನ ಕಣ್ಣು ಕೆಂಪಾಗುತ್ತದೆಂದು ಸಾಹುಕಾರ ಹಿಂದಿನ ಸಂದಿಯಿಂದ ಕಳಿಸುತ್ತಿದ್ದ. ಆ ಸಂದಿ ಗಟಾರ ದಾಟಿ ನೇರ ಕೇರಿಗೆ ಹೋಗುತ್ತಿತ್ತು. ಹೊಳಿಯವ್ವ ದಿನಾಲೂ ತನ್ನ ಬಾಗಿಲವರೆಗೆ ನಡೆಸಿ, ಒಂದು ಹೆಂಟೆ ಬೆಲ್ಲ ತಿನ್ನಿಸಿ, ತಿರುಗಿಸಿ ತರುತ್ತಿದ್ದಳು. ನಲವತ್ತು ದಿನ ಹೀಗೇ ನಡೆಯಿತು. ಹತ್ತು ದಿನ ಕಳೆಯುವಷ್ಟರಲ್ಲಿ ಚಾಂದನಿ ಹಗ್ಗ ಎಳೆಯುವ ಮೊದಲೇ ಆ ಬಾಗಿಲ ಕಡೆ ಹೊರಡತೊಡಗಿತು.

ಇದಕ್ಕೆಲ್ಲ ಹೊಳಿಯವ್ವ ಕೂಲಿ ಕೇಳಿರಲಿಲ್ಲ. ಕರೆಸಿದ ದಿನವೇ ಯಾರ್ಡಿನಲ್ಲಿ, ತೊಟ್ಟು ಮುರಿಯುವ ಇಪ್ಪತ್ತು ಹೆಂಗಸರ ಮುಂದೆ ಪ್ರಭುಲಿಂಗಪ್ಪ ಧಾರಾಳವಾಗಿ, "ಏನ ಬೇಕು ಕೇಳs" ಎಂದಿದ್ದ.

"ಏನೂ ಬ್ಯಾಡ್ರಿ. ನನ್ನ ಮಗನ ಲಗ್ನಕ್ಕ ಒಂದ ದಿನ ಚಾಂದನಿ ಕೊಡ್ರಿ. ಜೀನೂ ಬ್ಯಾಡ. ಕಂಬಳಿ ಹಾಕಿ ಕುಂದ್ರಸ್ತೀನಿ."

ಸಾಹುಕಾರ ಹೊಟ್ಟೆ ಕುಣಿಸಿ ನಕ್ಕ. "ಗಂಟು ಉದುರಲಿ, ನಿನ್ನ ಮಗಾನ ಕುಂದ್ರಲಿ ತಗೋ!"

ಅವಳ ಮಗ ಕಿರಣಕುಮಾರ ಅದೇ ಯಾರ್ಡಿನಲ್ಲಿ ಚೀಲ ಹೊರುವ ಹಮಾಲ. ಕುದುರೆಯ ಆಸೆ ಅವನದಲ್ಲ, ತಾಯಿಯದು. ಮೂವತ್ತು ವರ್ಷದ ಹಿಂದೆ ಅವಳ ಗಂಡ ಬಾಸಿಂಗ ಕಟ್ಟಿಕೊಂಡು ಎತ್ತಿನ ಗಾಡಿಯಲ್ಲಿ ಬರುವಾಗ ಇದೇ ದೊಡ್ಡ ರಸ್ತೆಯಲ್ಲಿ ಸಾಹುಕಾರನ ಮಂದಿ ಇಳಿಸಿದ್ದರು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅವನು ತಲೆ ತಗ್ಗಿಸಿ ನಡೆದ. ಹಿಂದೆ ಅರಿಸಿನದ ಸೀರೆಯಲ್ಲಿ ನಡೆದವಳು ಅವನ ಅಂಗಾಲನ್ನೇ ನೋಡುತ್ತ ಬಂದಿದ್ದಳು. ಆ ಗಂಡ ಈಗಿಲ್ಲ. ಆ ಅಂಗಾಲು ಮಾತ್ರ ಅವಳ ಕಣ್ಣಿನಿಂದ ಹೋಗಿಲ್ಲ. ಹೀಗಾಗಿ ಮೋಟೆಬೆನ್ನೂರಿನ ಬೀಗರಿಗೆ ಅವಳು ಎದೆ ಸೆಟೆಸಿ ಹೇಳಿಬಿಟ್ಟಿದ್ದಳು: "ನಿಮ್ಮ ಅಳಿಯಾ ಕುದುರಿ ಮ್ಯಾಲ ಬರ್ತಾನ ನೋಡ್ರಿ."

ನಲವತ್ತೊಂದನೆಯ ದಿನ ಗಂಟು ತಾನಾಗಿ ಉದುರಿತು. ಒಣಗಿ ಕಪ್ಪಾಗಿ ಹಿತ್ತಲ ಮಣ್ಣಿನಲ್ಲಿ ಬಿದ್ದಿತ್ತು. ಅದಿದ್ದ ಜಾಗದಲ್ಲಿ ಎಳೆಯ ಗುಲಾಬಿ ಚರ್ಮ ಮೂಡಿತ್ತು. ಮರುದಿನ ಡಾಕ್ಟರು ಬಂದು ಬಗ್ಗಿ ನೋಡಿ, ಮೊಬೈಲಿನಲ್ಲಿ ನಾಲ್ಕು ಫೋಟೋ ಹೊಡೆದುಕೊಂಡರು.

"ನೋಡ್ರಿ, ನಮ್ಮ ಮುಲಾಮು ಎಷ್ಟ ಚಲೋ ಕೆಲಸ ಮಾಡೇತಿ!"

ಮುಲಾಮಿನ ಟ್ಯೂಬು ಮುಚ್ಚಳ ಬಿಚ್ಚದೆ ಕಿಟಕಿಯ ಮೇಲೆ ಧೂಳು ತಿನ್ನುತ್ತಿತ್ತು. ಹೊಳಿಯವ್ವ ಅದನ್ನೂ ನೋಡಿದಳು, ಸಾಹುಕಾರನ ಮುಖವನ್ನೂ ನೋಡಿದಳು. ಅವನು "ಎಲ್ಲಾ ನಿಮ್ಮ ಕೈಗುಣರಿ ಡಾಕ್ಟ್ರ" ಎಂದ. ಡಾಕ್ಟರು ಚಹಾ ಕುಡಿದು ಹೋದ ಮೇಲೆ ಅವಳು ಬಾಯಿ ಬಿಟ್ಟಳು.

"ಹೊಸಾ ಚರ್ಮ ಐತ್ರಿ. ಎರಡ ತಿಂಗಳ ಹೊಟ್ಟಿಪಟ್ಟಿ ಬಿಗೀಬ್ಯಾಡ್ರಿ. ಮತ್ತ, ಬರೂ ಸೋಮವಾರ ಲಗ್ನ. ಮುಂಜಾನೆ ಹುಡುಗರನ್ನ ಕಳಸ್ತೀನ್ರಿ, ಚಾಂದನಿ ಕರಕೊಂಡು ಹೋಗಾಕ."

"ಸೋಮವಾರ ನಮ್ಮ ಮಗ ಸುನೀಲಂದೂ ಲಗ್ನ."

"ನಿಮ್ಮ ಮೆರವಣಿಗಿ ಮುಗದ ಮ್ಯಾಲ ಕೊಡ್ರಿ. ನಾವು ಕಾಯ್ತೀವಿ."

ಪ್ರಭುಲಿಂಗಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಅವಳ ಕಾಲ ಹತ್ತಿರ ಉಗುಳಿದ. "ನಿಮ್ಮ ಮಂದಿ ಕುಂತ ಕುದುರಿ ಮ್ಯಾಲ ನಾಳೆ ದೇವರನ್ನ ಕುಂದ್ರಸೂದು ಹೆಂಗಲೇ? ತಲಿ ನೆಟ್ಟಗ ಐತೇನು ನಿಂದು?"

"ನೀವs ಅಂದಿದ್ರೆಲ್ರಿ, ಇಪ್ಪತ್ತು ಮಂದಿ ಮುಂದ."

"ನಗಿಚಾಟಿಕಿಗೆ ಅಂದಿದ್ದು. ನಿನ್ನ ಕರದದ್ದು ಮುಟ್ಟಾಕ, ಕುಂದ್ರಾಕಲ್ಲ."

"ನಲವತ್ತ ದಿನ ಇದs ಕೈಯಿ ಮುಟ್ಟೇತ್ರಿ. ಅವಾಗ ಮೈಲಿಗಿ ಆಗ್ಲಿಲ್ಲೇನ್ರಿ?"

"ಆಗೇತಿ. ಅದಕ್ಕs ನಿನ್ನೆ ಗಂಟು ಬಿದ್ದ ಕೂಡ್ಲೆ ಅಯ್ನೋರನ್ನ ಕರಸಿ ಕುದುರಿಗೆ ತೀರ್ಥ ಹೊಡಿಸೇನಿ. ಇನ್ನೊಂದು ಮಾತಾಡಿದ್ರ ನೀನೂ ನಿನ್ನ ಮಗಾನೂ ಯಾರ್ಡಿನ ಗೇಟು ದಾಟಂಗಿಲ್ಲ. ನಡಿ ಅತ್ತಾಗ, ರಂಡಿ."

ಹೊಳಿಯವ್ವ ನಡೆದಳು. ಮನೆಗೆ ಬಂದು ಮಗನಿಗೆ ಹೇಳಿದಳು. "ಹೋಗ್ಲಿ ಬಿಡಬೇ ಯವ್ವಾ, ನನಗ ನಡಿಯಾಕ ಕಾಲು ಇಲ್ಲೇನು" ಎಂದ ಕಿರಣಕುಮಾರ. ಅವನಪ್ಪನೂ ಅವತ್ತು ಇದನ್ನೇ ಅಂದಿದ್ದ.

ಸೋಮವಾರ ಮುಂಜಾನೆ ಹತ್ತಕ್ಕೆ ಸುನೀಲಕುಮಾರನ ಮೆರವಣಿಗೆ ದೊಡ್ಡ ರಸ್ತೆಗೆ ಬಂತು. ಮುಂದೆ ಬ್ಯಾಂಡು, ಹಿಂದೆ ಜರಿ ಸೀರೆಗಳು, ನಡುವೆ ಚಾಂದನಿ. ಮೈಮೇಲೆ ಮೊಣಕಾಲವರೆಗೆ ಕೆಂಪು ಮಖಮಲ್ಲಿನ ಹೊದಿಕೆ, ಅದರ ಮೇಲೆ ಜೀನು, ಜೀನಿನ ಮೇಲೆ ಬಾಸಿಂಗ ಕಟ್ಟಿದ ಸುನೀಲಕುಮಾರ. ಹೊರಗೆ ಬರಬಾರದೆಂದುಕೊಂಡಿದ್ದ ಹೊಳಿಯವ್ವ ಬ್ಯಾಂಡಿನ ಸದ್ದು ಕೇಳಿ ಕೇರಿಯ ಬಾಯಿಗೆ, ಗಟಾರದ ಕಲ್ಲಿನವರೆಗೆ ಬಂದುಬಿಟ್ಟಳು. ಅವಳ ಕಣ್ಣು ಮದುಮಗನ ಮೇಲೆ ಹೋಗಲಿಲ್ಲ. ಚಾಂದನಿ ಎಡಗಾಲು ಎಳೆಯುತ್ತಿತ್ತು. ಕತ್ತು ಕೊಡಹುತ್ತಿತ್ತು. ಹೊಟ್ಟೆಪಟ್ಟಿಯನ್ನು ಹರಿಯುವಂತೆ ಬಿಗಿದಿದ್ದರು.

ಅವಳು ತಡೆದುಕೊಂಡಳು. ಎರಡು ಉಸಿರು ತಡೆದುಕೊಂಡಳು. ಆಮೇಲೆ ನಾಲಿಗೆ ಲೊಚಗುಟ್ಟಿದಳು.

"ತ್ಚ ತ್ಚ ತ್ಚ. ಬಾರs ನನ್ನವ್ವಾ."

ಚಾಂದನಿಯ ಕಿವಿ ನಿಮಿರಿತು. ಬ್ಯಾಂಡು ಮುಂದೆ ಹೋಯಿತು, ಕುದುರೆ ಎಡಕ್ಕೆ ತಿರುಗಿತು. ಲಗಾಮು ಹಿಡಿದ ಆಳು, ಹಲ್ಲು ಕಳೆದುಕೊಂಡವನೇ, ಒಂದು ಸಲ ಎಳೆದು ನೋಡಿ ಕೈಬಿಟ್ಟ. ಸುನೀಲಕುಮಾರ "ಹೋ, ಹೋ" ಎಂದು ಕಿರುಚುತ್ತಿದ್ದಂತೆಯೇ ಚಾಂದನಿ ಗಟಾರ ದಾಟಿ, ಕೇರಿಯ ನಟ್ಟನಡುವೆ ನಡೆದು, ದಿನಾಲೂ ನಿಲ್ಲುತ್ತಿದ್ದ ಬಾಗಿಲ ಮುಂದೆ ನಿಂತಿತು. ಆ ಬಾಗಿಲಲ್ಲಿ ಹಂದರ ಹಾಕಿತ್ತು. ಅರಿಸಿನ ಹಚ್ಚಿಕೊಂಡು ಕುಳಿತಿದ್ದ ಕಿರಣಕುಮಾರ ಎದ್ದು ನಿಂತ. ಮೋಟೆಬೆನ್ನೂರಿನ ಬೀಗರೂ ಎದ್ದು ನಿಂತರು. ಕುದುರೆ ಹಿಂದೆಯೇ ಓಡಿಬಂದ ಹೊಳಿಯವ್ವನ ಅಂಗೈಗೆ ಮೂತಿ ತೂರಿಸಿ ಬೆಲ್ಲ ಹುಡುಕಿತು.

ಅವಳು ಮಖಮಲ್ಲು ಎತ್ತಿ ಪಟ್ಟಿಯ ಕೆಳಗೆ ಕೈ ಇಟ್ಟಳು. ಕೈ ಒದ್ದೆಯಾಗಿ ಬಂತು. ಹೊಸ ಚರ್ಮವೆಲ್ಲ ಸುಲಿದು ಹೋಗಿತ್ತು. ನಲವತ್ತು ದಿನ ಕಡ್ಡಿಯ ತುದಿಯಲ್ಲಿ ಕಾದದ್ದನ್ನು ಒಂದು ಮುಂಜಾನೆಯಲ್ಲಿ ಕಿತ್ತುಹಾಕಿದ್ದರು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ರಕ್ತದ ಕೈಯನ್ನು ಆ ಮಖಮಲ್ಲಿಗೇ ಒರೆಸಿದಳು.

"ಇಳೀರಿ ಸಣ್ಣ ಸಾವ್ಕಾರ್ರ."

"ಏ ಬೋಸುಡಿ, ಕುದುರಿ ತಿರುಗಿಸs! ಮುಹೂರ್ತ ಮೀರಾಕತ್ತೇತಿ!"

"ಪಟ್ಟಿ ಬಿಚ್ಚಾಕತ್ತೇನಿ. ಇಳದ್ರ ಇಳೀರಿ. ಇಲ್ಲಾ, ಜೀನಿನ ಸಮೇತ ಬೀಳ್ರಿ."

ಸುನೀಲಕುಮಾರ ಹಿಂದಕ್ಕೆ ತಿರುಗಿ "ಅಪ್ಪಾ!" ಎಂದು ಕೂಗಿದ. ಪ್ರಭುಲಿಂಗಪ್ಪ ಗಟಾರದ ಆಚೆ ನಿಂತಿದ್ದ. ಒಂದು ಕಾಲು ಎತ್ತಿಯೂ ಆಗಿತ್ತು. ಅಯ್ನೋರು ರಟ್ಟೆ ಹಿಡಿದು ಜಗ್ಗಿದರು. "ಬ್ಯಾಡ್ರಿ ಸಾವ್ಕಾರ್ರ, ಕಂಕಣ ಕಟ್ಟೇತಿ. ಈ ಹೊತ್ತು ಅಲ್ಲಿ ಕಾಲಿಟ್ರ ಎಲ್ಲಾ ಮೊದಲಿಂದ ಮಾಡಬೇಕಾಕ್ಕೇತಿ." ಎತ್ತಿದ ಕಾಲು ಹಿಂದಕ್ಕೆ ಬಂತು. ಅವನ ಮಂದಿಯೆಲ್ಲ ಗಟಾರದ ಅಂಚಿಗೆ ಸಾಲಾಗಿ ನಿಂತು ಬೈದರು. ಒಬ್ಬನೂ ದಾಟಲಿಲ್ಲ.

ಹೊಳಿಯವ್ವ ಪಟ್ಟಿಯ ಬಕಲು ಬಿಚ್ಚಿದಳು. ಜೀನು ಜಾರಿತು. ಸುನೀಲಕುಮಾರ ಕುದುರೆಯ ಕತ್ತು ತಬ್ಬಿ ಹೇಗೋ ಇಳಿದ. ಬಚ್ಚಲ ನೀರಿನ ಕೆಸರಿನಲ್ಲಿ ಜರಿಯ ಮೋಜಡಿ ಎರಡೂ ಹೂತವು. ಕಿತ್ತು ಕೈಯಲ್ಲಿ ಹಿಡಿದುಕೊಂಡು, ಬಾಸಿಂಗ ಸರಿಮಾಡಿಕೊಳ್ಳುತ್ತ, ಬರಿಗಾಲಲ್ಲಿ ಗಟಾರದ ಕಡೆ ನಡೆದ. ಕೇರಿಯಲ್ಲಿ ಯಾರೂ ನಗಲಿಲ್ಲ. ಹೊಳಿಯವ್ವ ಅವನ ಅಂಗಾಲನ್ನು ಕೊನೆಯವರೆಗೂ ನೋಡಿದಳು.

"ಯವ್ವಾ," ಎಂದ ಕಿರಣಕುಮಾರ. ಅವನ ದನಿ ಬೇರೆಯಾಗಿತ್ತು. "ನಾ ಹತ್ತಲೇನು?"

ಬೀಗರು ಅವಳನ್ನೇ ನೋಡಿದರು. ಇಡೀ ಕೇರಿ ನೋಡಿತು. ಮೂವತ್ತು ವರ್ಷ ಅವಳು ಕಾದದ್ದು ಇದೇ ಮಾತಿಗೆ.

"ಬ್ಯಾಡ," ಎಂದಳು. "ಗಾಯ ಹಸಿ ಐತಿ. ಇವತ್ತ ಯಾರೂ ಹತ್ತಂಗಿಲ್ಲ. ನೀ ಬಾಜೂಕ ನಡಿ."

ಒಳಗಿನಿಂದ ಔಡಲೆಣ್ಣೆ ತಂದು ಗಾಯದ ಸುತ್ತ ಸವರಿದಳು. ಮಖಮಲ್ಲನ್ನು ಎಳೆದು ಜೀನಿನ ಮೇಲೆಯೇ ಕೆಸರಿಗೆ ಒಗೆದಳು. ಲಗಾಮನ್ನು ಮಗನ ಅರಿಸಿನದ ಕೈಗೆ ಕೊಟ್ಟಳು. ಆಚೆ ಕೆಲವರು ಬಡಿಗೆ ತರಲು ಓಡಿದ್ದರು, ಕೆಲವರು ಪೊಲೀಸರಿಗೆ ಫೋನು ಹಚ್ಚಿದ್ದರು.

"ಹಲಗಿ ಬಾರಸ್ರೋ," ಎಂದಳು ಹೊಳಿಯವ್ವ.

ಹಲಗೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಎಲ್ಲಿಗೆ ಹೋಗೂದಬೇ?"

"ಮೆರವಣಿಗಿ ಎಲ್ಲಿ ಹೋಗ್ತೈತಿ? ದೊಡ್ಡ ರಸ್ತೆಕ."

ಹಲಗೆಗೆ ಮೊದಲ ಏಟು ಬಿತ್ತು. ಎಲ್ಲರಿಗಿಂತ ಮುಂದೆ ಚಾಂದನಿ, ಬರಿಬೆನ್ನಲ್ಲಿ, ಬಿಳಿ ಹೊಟ್ಟೆಯ ಮೇಲೆ ಕೆಂಪು ಪಟ್ಟೆ ಇಳಿಸಿಕೊಂಡು ಕುಂಟುತ್ತ ಹೊರಟಿತು. ಪಕ್ಕದಲ್ಲಿ ಮದುಮಗ ಚಪ್ಪಲಿ ಮೆಟ್ಟಿಕೊಂಡೇ ನಡೆದ. ಗಟಾರದ ಕಲ್ಲಿಗೆ ಇನ್ನು ನಾಲ್ಕು ಹೆಜ್ಜೆ. ಆಚೆ ಪ್ರಭುಲಿಂಗಪ್ಪನ ಕೈಗೆ ಯಾರೋ ಬಡಿಗೆ ಕೊಟ್ಟರು. ಅವನು ಅದನ್ನು ಮೇಲೆತ್ತಿದ. ಹೊಳಿಯವ್ವ ನಾಲಿಗೆ ಲೊಚಗುಟ್ಟಿದಳು. ಚಾಂದನಿ ನಿಲ್ಲಲಿಲ್ಲ.