ಆರಬಾರದ ಹಸಿರು ದೀಪ

ಹೊಸ ಒಲೆ ಉರಿಸಿದ ತಾಸಿನ ಲೆಕ್ಕದಲ್ಲಿ ಅಬಲೂರಿನ ಹನ್ನೊಂದನೆಯ ಮನೆ ಇಡೀ ಜಿಲ್ಲೆಗೆ ಮೊದಲು ಬಂದಿತ್ತು. ಆ ಮನೆಯ ಶೇಖವ್ವನ ಫೋಟೊ ತೆಗೆಯಲು ಮದಿಹಾ ಸವಣೂರಿನಿಂದ ಬಸ್ಸು ಬದಲಿಸಿ ಬದಲಿಸಿ ಬಂದಿದ್ದಳು.

ಕಂಪನಿಯೊಂದು ಪುಕ್ಕಟೆ ಹಂಚಿದ ಹೊಗೆಯಿಲ್ಲದ ಒಲೆಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಒಲೆಗೆ ಕಟ್ಟಿದ ಡಬ್ಬಿ ಕಾವು ತಗುಲಿದೊಡನೆ ಹಸಿರು ದೀಪ ತೋರಿಸಿ, ಎಷ್ಟು ತಾಸು ಉರಿಯಿತೆಂದು ಆ್ಯಪಿಗೆ ಕಳಿಸುತ್ತಿತ್ತು. ಅಷ್ಟು ಹೊಗೆ ಕಡಿಮೆಯಾಯಿತೆಂದು ಕಂಪನಿ ಪ್ರಮಾಣಪತ್ರ ಮಾಡಿಸಿ, ಪರದೇಶದಲ್ಲಿ ಹಗಲೂ ರಾತ್ರಿ ಕಂಪ್ಯೂಟರು ಓಡಿಸುವವರಿಗೆ ಮಾರುತ್ತಿತ್ತು. ಕೊಂಡವರು ಅಲ್ಲಿ ಅಷ್ಟೇ ಹೊಗೆಯನ್ನು ನಿಶ್ಚಿಂತೆಯಿಂದ ಬಿಡುತ್ತಿದ್ದರು. ಮದಿಹಾಳ ಗುತ್ತಿಗೆ ಈ ತಿಂಗಳಿಗೆ ಮುಗಿಯುವುದಿತ್ತು.

ಅಡಿಗೆಮನೆಯಲ್ಲಿ ಹೊಗೆಗೆ ಕಣ್ಣು ಬಿಡಲಾಗಲಿಲ್ಲ. ಹೊಸ ಒಲೆ ಕುಂಕುಮ ಹಚ್ಚಿಸಿಕೊಂಡು ಗೋಡೆಯ ಮಾಡದಲ್ಲಿ ಕೂತಿತ್ತು. ಅದರ ಡಬ್ಬಿಯನ್ನು ಹಳೆಯ ಮಣ್ಣಿನ ಒಲೆಗೆ ತಂತಿಯಿಂದ ಬಿಗಿಯಲಾಗಿತ್ತು. ಒಲೆಯ ಮೇಲೆ ಹಂಚು ಇಲ್ಲ, ಗಡಿಗೆ ಇಲ್ಲ. ಹತ್ತಿಕಟ್ಟಿಗೆ ಸುಮ್ಮನೆ ಉರಿಯುತ್ತಿತ್ತು.

“ಇದೇನ್ರಿ ಅವ್ವಾ? ಹೊಸಾ ಒಲಿ ಯಾಕ ಹಚ್ಚಿಲ್ಲ?”

“ಅದರ ಮ್ಯಾಲ ರೊಟ್ಟಿ ನಡುವ ಕರಕ, ಅಂಚು ಹಸಿ. ನಿಮ್ಮ ಸಾಹೇಬ ಜ್ವಾಳದ ರೊಟ್ಟಿ ಕಂಡಾನೇನ?” ಶೇಖವ್ವ ನಕ್ಕಳು. ನಗು ಕೆಮ್ಮಾಯಿತು, ಬೇಗ ನಿಲ್ಲಲಿಲ್ಲ.

“ಈಗ ರೊಟ್ಟಿನೂ ಇಲ್ಲಲ್ರಿ. ಬರೇ ಉರಿ ಐತಿ.”

“ನೀನ ಹೇಳಿದ್ದೆಲ್ಲವಾ, ಹಸರ ದೀಪ ಆರಬಾರದು ಅಂತ? ಹಚ್ಚಿದ ದೀಪ ಆರಿದ್ರ ಮನಿಗೆ ಒಳ್ಳೇದಲ್ಲ. ಮುಂಜಾನಿಂದ ಕಟ್ಟಿಗಿ ಇಡಾಕತ್ತೇನಿ. ಸೊಸಿ ಬೈತಾಳ, ಬೈಲಿ.”

ಒಲೆ ಹಂಚಿದ ದಿನ ಹೆಂಗಸರೆದುರು ಮದಿಹಾ ಹಾಗೆಯೇ ಹೇಳಿದ್ದಳು. ‘ಅಡಿಗೆ ಮಾಡುವಾಗ’ ಎಂಬ ಮಾತು ಬಿಟ್ಟುಹೋಗಿತ್ತು.

ನಿಜ ಬರೆದರೆ ಊರಿನ ಅಂಕಿಯೆಲ್ಲ ರದ್ದು, ಜೊತೆಗೆ ಅವಳ ಕೆಲಸವೂ. ಅಷ್ಟರಲ್ಲಿ ಫೋನು ಬಡಿಯಿತು. ಮೇಲಿನ ಅಧಿಕಾರಿ ಸಂಘಮಿತ್ರಾ ಮೇಡಂ.

“ಫೋಟೊ ಎಲ್ಲೈತಿ ಮದಿಹಾ? ನಿನ್ನ ಗುತ್ತಿಗಿ ಕಾಗದ ನನ್ನ ಮುಂದ ಐತಿ, ಸಹಿ ಮಾಡ್ಲೋ ಬ್ಯಾಡೋ?”

“ಕಳಿಸಾಕತ್ತೇನ್ರಿ ಮೇಡಂ.”

ಮದಿಹಾ ಹೊಸ ಒಲೆ ಇಳಿಸಿದಳು, ಕುಂಕುಮ ಒರೆಸಿದಳು, ಡಬ್ಬಿಯನ್ನು ಅದಕ್ಕೆ ಕಟ್ಟಿ ನಾಲ್ಕು ಕಡ್ಡಿ ಹಚ್ಚಿದಳು. ಹಸಿರು ದೀಪ ಬಂತು. ಶೇಖವ್ವ ಸೆರಗು ಸರಿಮಾಡಿಕೊಂಡು ಕೆಮ್ಮು ಹಿಡಿದು ಕೂತಳು. ಫೋಟೊ ಚೆನ್ನಾಗಿ ಬಂತು, ಅದರಲ್ಲಿ ಹೊಗೆ ಕಾಣಲಿಲ್ಲ.

“ಇನ್ನ ಡಬ್ಬಿ ಎಲ್ಲಿಡ್ಲಿ?”

ಮದಿಹಾ ಚೀಲ ಹೆಗಲಿಗೇರಿಸಿದಳು. “ಮೊದಲು ಇದ್ದಲ್ಲೇ ಇಡ್ರಿ.”

ಮುದುಕಿ ತಂತಿ ಬಿಗಿದು, ಹಳೆಯ ಒಲೆಗೆ ಮತ್ತೊಂದು ಕಟ್ಟಿಗೆ ತುರುಕಿದಳು. “ಆರಬಾರದು, ಹೌದಿಲ್ಲೋ?”

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಮದಿಹಾ ತಿರುಗಿ ನೋಡಲಿಲ್ಲ.

“ಆರಬಾರದ್ರಿ,” ಅಂದಳು.