ಗಾಜಿನಂಗಡಿಯವರ ಬ್ರೇಕು

ಗಾಜಿನಂಗಡಿಯವರ ಕಿರಿಮಗಳು ಗುಬ್ಬಿ ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಎರಡು ಸಲವೂ ಕಾರಣ ಒಂದೇ, ಬ್ರೇಕು. ಬ್ರೇಕ್ ಹಾಕಲು ಬರುತ್ತಿರಲಿಲ್ಲ ಅಂತಲ್ಲ. ಬಹಳ ಚೆನ್ನಾಗಿ ಬರುತ್ತಿತ್ತು, ಅದೇ ತಾಪತ್ರಯ.

ಕಲಿಸಿದವನು ಅಪ್ಪ. ಅವನೋ ಮೂವತ್ತು ವರ್ಷ ಆಳೆತ್ತರದ ಕನ್ನಡಿಗಳನ್ನು, ಕಿಟಕಿ ಗಾಜುಗಳನ್ನು ವ್ಯಾನಿನಲ್ಲಿ ಹೇರಿಕೊಂಡು ಊರೆಲ್ಲ ಸುತ್ತಿದವನು. "ಬ್ರೇಕನ್ನ ತುಳೀಬಾರದು ಮಗಳೇ, ಮಗೂನ ತಟ್ಟಿ ಮಲಗಿಸ್ತೀವಲ್ಲ, ಹಾಗೆ ಒತ್ತಬೇಕು" ಅನ್ನುವುದು ಅವನ ಪಾಠ. ಆದರೆ ಪರೀಕ್ಷೆಯಲ್ಲಿ ಇನ್‌ಸ್ಪೆಕ್ಟರು ಕೈಯಲ್ಲಿದ್ದ ರಟ್ಟನ್ನು ಟಪ್ ಎಂದು ಬಡಿದ ಕೂಡಲೇ ಗಾಡಿ ನಿಂತುಬಿಡಬೇಕು. ಗುಬ್ಬಿಯ ಗಾಡಿ ಮೆಲ್ಲಗೆ, ಮರ್ಯಾದೆಯಿಂದ, ನಾಲ್ಕು ಅಂಗಡಿ ದಾಟಿ ನಿಲ್ಲುತ್ತಿತ್ತು.

"ಇಷ್ಟು ಹೊತ್ತಿಗೆ ಅಡ್ಡ ಬಂದವನು ಗಾಡಿ ಕೆಳಗಿಂದ ನಿನಗೆ ನಮಸ್ಕಾರ ಹೇಳ್ತಿದ್ದ ಕಣಮ್ಮ" ಎಂದು ಅವರು ಎರಡನೇ ಸಲವೂ ಕೆಂಪು ಗೀಟು ಎಳೆದಿದ್ದರು.

ಈಗ ಅಪ್ಪನ ಮಂಡಿ ಕ್ಲಚ್ ಒತ್ತಲು ಸುತರಾಂ ಒಪ್ಪುತ್ತಿರಲಿಲ್ಲ. ಶುಕ್ರವಾರ ಗುಬ್ಬಿ ಪಾಸಾದರೆ ವ್ಯಾನಿನ ಕೀ ಅವಳಿಗೆ, ಇಲ್ಲದಿದ್ದರೆ ಅಕ್ಕನ ಗಂಡನಿಗೆ. ಭಾವನಿಗೆ ಲೈಸೆನ್ಸೇನೋ ಇತ್ತು. ಕಳೆದ ತಿಂಗಳು ಒಂದೇ ವಾರ ವ್ಯಾನ್ ಓಡಿಸಿ, ಎರಡು ಕನ್ನಡಿ ಒಯ್ದು ಇನ್ನೂರು ಚೂರು ವಾಪಸ್ ತಂದಿದ್ದ. ಗುಬ್ಬಿಗಂತೂ ಹತ್ತನೇ ವಯಸ್ಸಿನಿಂದಲೂ ಆ ವ್ಯಾನಿನ ಮೇಲೇ ಜೀವ. ಕೌಂಟರಿನ ಹಿಂದೆ ಧೂಳು ಒರೆಸುತ್ತ ಕೂರುವುದನ್ನು ನೆನೆದರೇ ಅವಳಿಗೆ ಆಕಳಿಕೆ ಬರುತ್ತಿತ್ತು.

"ಯೋಚಿಸಬೇಡ ಗುಬ್ಬಿ, ವಾರಕ್ಕೊಂದು ಸಲ ನಿನ್ನ ಕೈಲಿ ವ್ಯಾನ್ ತೊಳೆಸ್ತೀನಿ" ಎಂದ ಭಾವ.

ಅಜ್ಜಿಗೆ ಉರಿದುಹೋಯಿತು. "ಅವಳ ಕಾಲಿಗೆ ಅಂಟಿದ ಅಭ್ಯಾಸ ಬಿಡಿಸೋ ಜವಾಬ್ದಾರಿ ನಂದು" ಎಂದವಳೇ ಅಡುಗೆಮನೆಯಿಂದ ಒಂದು ತಟ್ಟೆ, ಒಂದು ಸೌಟು ಹಿಡಿದು ಬಂದಳು.

ಅವತ್ತಿನಿಂದ ಅಜ್ಜಿ ಯಾವಾಗ ತಟ್ಟೆ ಬಡಿಯುತ್ತಾಳೋ ದೇವರಿಗೇ ಗೊತ್ತು. ಬಡಿದ ತಕ್ಷಣ ಗುಬ್ಬಿ ಬಲಗಾಲು ಕುಟ್ಟಿ ನಿಂತಲ್ಲೇ ನಿಲ್ಲಬೇಕು. ಹಲ್ಲುಜ್ಜುವಾಗ ಬ್ರಷ್ ಬಾಯಲ್ಲೇ ನಿಂತಿತು. ಗಾಜು ಅಳೆಯುವಾಗ ಟೇಪು ಗಾಳಿಯಲ್ಲೇ ನಿಂತಿತು. ಮಂಗಳವಾರದ ಹೊತ್ತಿಗೆ ಅಂಗಡಿಗೆ ಬಂದ ಗಿರಾಕಿಗಳೂ ಹೊಸ್ತಿಲ ಮೇಲೆ ಒಂಟಿಕಾಲಲ್ಲಿ ನಿಲ್ಲತೊಡಗಿದರು. ಬುಧವಾರ ಊಟಕ್ಕೆ ಕೂತಿದ್ದ ಭಾವ ತುತ್ತನ್ನು ಬಾಯಿಯ ಮುಂದೆಯೇ ಹಿಡಿದು ಕಲ್ಲಾದ.

"ಅಳಿಯಂದಿರೇ, ನೀವ್ಯಾಕೆ ನಿಂತ್ರಿ? ತಿನ್ನಿ, ತಿನ್ನಿ" ಎಂದಳು ಅಜ್ಜಿ.

ಗುರುವಾರ ಅಜ್ಜಿ ಬೆಲ್ಟ್ ಕಟ್ಟಿಕೊಂಡು ವ್ಯಾನಿನ ಮುಂದಿನ ಸೀಟಿನಲ್ಲೇ ಕೂತಳು. ತಟ್ಟೆ ಬಡಿದರೂ ಗುಬ್ಬಿಯ ಕಾಲು ಮತ್ತೆ ಮೆತ್ತಗಾಯಿತು.

"ಹಿಂದೆ ಗಾಜಿಲ್ಲ ಕಣೇ, ಇರೋಳು ನಾನೊಬ್ಬಳು. ನಾನೇನು ಒಡೆಯೋ ಸಾಮಾನಾ? ತುಳಿ!"

ಗುಬ್ಬಿ ತುಳಿದಳು. ಅಜ್ಜಿಯ ಕನ್ನಡಕ ಹಾರಿ ಕಿಟಕಿಯಾಚೆ ಬಿತ್ತು. "ಭೇಷ್!" ಎಂದಳು ಅಜ್ಜಿ, ಕಣ್ಣು ಕಾಣದೆ.

ಶುಕ್ರವಾರ ಪರೀಕ್ಷೆಯ ಬೀದಿಯಲ್ಲಿ ಇನ್‌ಸ್ಪೆಕ್ಟರು ರಟ್ಟು ಬಡಿದರು. ವ್ಯಾನು ನೆಲಕ್ಕೆ ಮೊಳೆ ಹೊಡೆದಂತೆ ನಿಂತಿತು. ಪೆನ್ನು, ಫಾರ್ಮು, ತಿಂಡಿ ಡಬ್ಬಿ ಎಲ್ಲ ಅವರ ಕಾಲಡಿ ಸೇರಿದವು. "ಪರವಾಗಿಲ್ಲ" ಎಂದು ಎಲ್ಲವನ್ನೂ ಹೆಕ್ಕಿಕೊಂಡು ಟಿಕ್ ಹಾಕಿದರು. ಗುಬ್ಬಿಯ ಎದೆ ಹಗುರಾಯಿತು.

ಆಫೀಸಿಗೆ ಮರಳುವ ದಾರಿಯಲ್ಲಿ ಮತ್ತೆ ಟಪ್! ಗುಬ್ಬಿಯ ಕಾಲು ಅವಳನ್ನು ಕೇಳದೆಯೇ ಕುಟ್ಟಿತು. ಡಬ್ಬಿ ಮತ್ತೆ ಕೆಳಗೆ.

"ಈಗ್ಯಾಕಮ್ಮ ನಿಲ್ಲಿಸ್ದೆ?"

"ನೀವು ಬಡಿದ್ರಲ್ಲ ಸಾರ್!"

"ಸೊಳ್ಳೆ ಹೊಡೆದೆ ಕಣಮ್ಮ!"

ಗುಬ್ಬಿಗೆ ಕೀ ಭಾವನ ಕೈಗೆ ಹೋದದ್ದು ಕಣ್ಣೆದುರೇ ಕಂಡಿತು. ಇನ್‌ಸ್ಪೆಕ್ಟರು ಗಂಟು ಮುಖ ಹಾಕಿಕೊಂಡು ಕೇಳಿದರು. "ನಡುರಸ್ತೇಲಿ ಹೀಗೆ ನಿಲ್ಲಿಸಿದ್ಯಲ್ಲ, ಹಿಂದೆ ಯಾರಿದಾರೆ ಅಂತಾದ್ರೂ ಗೊತ್ತಾ?"

"ಗೊತ್ತು ಸಾರ್. ಹತ್ತಿರ ಯಾರೂ ಇಲ್ಲ. ದೂರದಲ್ಲಿ ಹಾಲಿನ ವ್ಯಾನ್ ಇತ್ತು, ಎಡಕ್ಕೆ ತಿರುಗಿ ಹೋಯ್ತು. ಹುಟ್ಟಿದಾಗಿಂದ ಕನ್ನಡಿ ನೋಡ್ಕೊಂಡೇ ಬೆಳೆದೋಳು ನಾನು."

ಅವರು ಹೊರಳಿ ನೋಡಿದರು. ರಸ್ತೆ ಖಾಲಿ. ಬಹಳ ಹೊತ್ತು ಗಲ್ಲ ಕೆರೆದುಕೊಂಡರು. "ಈ ಸಲ ಫೇಲ್ ಮಾಡಿದ್ರೆ ನೀನು ನಾಲ್ಕನೇ ಸಲ ಬರ್ತೀಯ. ನನ್ನ ಹಲ್ಲು ಉಳಿಯಲ್ಲ" ಎಂದು ಗೊಣಗುತ್ತಲೇ ಸಹಿ ಹಾಕಿದರು.

ಮಧ್ಯಾಹ್ನ ಅಪ್ಪ ಎಲ್ಲರ ಮುಂದೆ ಕೀಯನ್ನು ಗುಬ್ಬಿಯ ಅಂಗೈಯಲ್ಲಿಟ್ಟ. ಅವತ್ತೇ ದರ್ಜಿಯ ಅಂಗಡಿಗೊಂದು ದೊಡ್ಡ ಕನ್ನಡಿ ಹೋಗಬೇಕಿತ್ತು.

"ಮತ್ತೆ ನಾನೇನು ಮಾಡ್ಲಿ?" ಎಂದ ಭಾವ.

"ನೀವು ಹಿಂದೆ ಕೂತು ಕನ್ನಡಿ ಹಿಡ್ಕೊಳ್ಳಿ ಭಾವ."

ವ್ಯಾನಿನ ಹಿಂಬದಿಗೆ ಬಾಗಿಲಿರಲಿಲ್ಲ. ಬೀದಿಯವರಿಗೆಲ್ಲ ಒಬ್ಬರನ್ನೊಬ್ಬರು ಅಪ್ಪಿ ಹಿಡಿದ ಇಬ್ಬರು ಭಾವಂದಿರು ಕಂಡರು. ಇಬ್ಬರ ಮುಖದಲ್ಲೂ ರಕ್ತವಿರಲಿಲ್ಲ.