ರೋವೀನಾಳ ಕೃತ್ತಿಕೆ

ಶನಿ ನಡುಗುತ್ತಿದ್ದಾನೆ, ಲ್ಯಾಪ್‌ಟಾಪಿನ ಪರದೆಯ ಮೇಲೆ, ಕುದಿಯುವ ನೀರಿನ ತಳಕ್ಕೆ ಬಿದ್ದ ಉಂಗುರದ ಹಾಗೆ, ನಿಂತ ಅನ್ನುವಷ್ಟರಲ್ಲಿ ಮತ್ತೆ ಕದಡಿದ, ಮೇಲೆ ಗಾಳಿ ಸರಿಯಿಲ್ಲ, ವೆಂಡೆಲ್‌ನ ಪಾಲಿಗೆ ಅದು ಸರಿಯಿದ್ದದ್ದಾದರೂ ಯಾವತ್ತು, ಹದಿನೆಂಟು ವರ್ಷದಿಂದ ಅಕ್ಟೋಬರಿನ ಅಮಾವಾಸ್ಯೆಗೆ ತಪ್ಪದೆ ನೆಬ್ರಾಸ್ಕದ ಈ ದನದ ಹುಲ್ಲುಗಾವಲಿಗೆ ಬಂದು ಮೂಗು ಸೋರಿಸಿಕೊಂಡು ಕೂತವನಿಗೆ ಸಿಗದ ಆಕಾಶ, ಮೂರು ವರ್ಷದ ಹಿಂದೆ ದೂರದರ್ಶಕದ ಯಾವ ತುದಿಗೆ ಕಣ್ಣಿಡಬೇಕು ಎಂದು ಕೇಳಿದ್ದ ರೋವೀನಾಳಿಗೆ ಸಿಕ್ಕಿಬಿಡುತ್ತದೆ — ಹಲ್ಲಿನ ಡಾಕ್ಟರ ಬಳಿ ಫೋನು ಎತ್ತುವವಳು, ಪಕ್ಕದ ಬೀದಿಯವಳು, ಕರೆತಂದವನೂ ಇವನೇ, ಕಲಿಸಿದವನೂ ಇವನೇ, ಹೊಟ್ಟೆ ಉರಿಯದೆ ಇನ್ನೇನಾಗಬೇಕು, ಎರಡು ವರ್ಷದಿಂದ ಆಕಾಶ ನೋಡುವವರ ಕ್ಲಬ್ಬಿನ ಕ್ಯಾಲೆಂಡರಿನ ಮುಖಪುಟಕ್ಕೆ ಅವಳದೇ ಚಿತ್ರ, ಇವನದು ಒಂದೇ ಒಂದು ಸಲ, ಅದೂ ಫೆಬ್ರವರಿಗೆ, ಹುಡುಕಿ ಹುಡುಕಿ ಚಿಕ್ಕ ತಿಂಗಳನ್ನೇ ಕೊಟ್ಟರು, ಹೋಗಲಿ, ಹೆಂಡತಿ ಅರ್ಲೀನ್ ಅಡುಗೆಮನೆಯ ಮೇಜಿನ ಮೇಲ್ಗಡೆ ರೋವೀನಾಳ ನೀಹಾರಿಕೆಯ ಚಿತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಬೇಕಿತ್ತೇ, ನೋಡ್ರೀ ಎಷ್ಟು ಚೆನ್ನಾಗಿದೆ, ಗುಲಾಬಿ ಬಣ್ಣ ಗೋಡೆಗೆ ಒಪ್ಪುತ್ತೆ, ನಿಮ್ದೆಲ್ಲಾ ಬರೀ ಬೂದಿ ಬೂದಿ, ದಿನಾ ಬೆಳಿಗ್ಗೆ ಅದರ ಕೆಳಗೆ ಕೂತು ಮೊಟ್ಟೆ ತಿನ್ನುವವನಿಗೆ ಗೊತ್ತು ಅದರ ರುಚಿ — ಮತ್ತೆ ಕಣ್ಣು ಆ ಕಡೆ ಹೋಯಿತು, ಹೋಗಬಾರದು ಅಂದುಕೊಂಡಿದ್ದ, ಹತ್ತು ಹೆಜ್ಜೆ ಆಚೆ ಅವಳ ದೂರದರ್ಶಕ, ಅದರ ಬಾಯಿಗೆ ಆ ಕರಿ ಮುಚ್ಚಳ.

ಸೀಳು ಸೀಳಾದ ಮುಚ್ಚಳ, ಫೋಕಸ್ ಕೂಡಿಸುವಾಗ ಹಾಕುವುದು, ಅದು ಬಾಯಿಗಿದ್ದರೆ ಚಿತ್ರದಲ್ಲಿ ಒಂದೊಂದು ನಕ್ಷತ್ರಕ್ಕೂ ಬೆಳಕಿನ ಗೆರೆಗಳ ಮೀಸೆ ಮೂಡುತ್ತದೆ, ಮೀಸೆ ಸರಿಯಾಗಿ ಕೂತರೆ ಫೋಕಸ್ ಸರಿ, ಆಮೇಲೆ ತೆಗೆದುಬಿಡಬೇಕು, ತೆಗೆದು ಜೇಬಿಗೆ ಹಾಕ್ಕೊಳ್ಳೋವರೆಗೂ ಗುಂಡಿ ಒತ್ತಬೇಡ ಕಣಮ್ಮ ಎಂದು ಇವನೇ ಎಷ್ಟು ಸಲ ಹೇಳಿದ್ದ, ಇವತ್ತು ಮರೆತಿದ್ದಾಳೆ, ಮರೆತು, ಕೃತ್ತಿಕೆಯ ಗೊಂಚಲಿನ ಕಡೆ ತಿರುಗಿಸಿ, ಐದೈದು ನಿಮಿಷದ ಒಂದೊಂದು ಚಿತ್ರ, ಮೂರು ಗಂಟೆಯವರೆಗೂ ತಾನಾಗಿ ತೆಗೆಯುತ್ತಾ ಹೋಗು ಎಂದು ಯಂತ್ರಕ್ಕೆ ಹೇಳಿ, ಹನ್ನೊಂದೂವರೆಗೆ ವ್ಯಾನಿನೊಳಗೆ ಹೋಗಿ ಮಲಗಿಬಿಟ್ಟಳು, ಮೇಷ್ಟ್ರೇ, ಕಣ್ಣು ಎಳೀತಿದೆ, ನನ್ನದೊಂಚೂರು ನೋಡ್ಕೊಳ್ತೀರಾ, ಏನಾದ್ರೂ ಆದ್ರೆ ಕದ ಬಡೀರಿ, ಹೋಗಮ್ಮ ಮಲ್ಕೋ ನಾನಿದ್ದೀನಿ, ನಾನಿದ್ದೀನಿ ಅಂದದ್ದು ಇದೇ ಬಾಯಿ, ಹನ್ನೆರಡಕ್ಕೆ ಇಬ್ಬನಿ ಕೂತಿದೆಯೇ ನೋಡೋಣ ಎಂದು ಕೆಂಪು ದೀಪ ಹಿಡಿದುಕೊಂಡು ಹೋದಾಗ ಮುಚ್ಚಳ ಕಂಡಿತು, ಕೈ ಮುಂದೆ ಹೋಯಿತು, ನಿಜ, ಹೋಯಿತು, ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ನಕ್ಕ ಹಾಗೆ ಗುಲಾಬಿ ಬಣ್ಣ ಗೋಡೆಗೆ ಒಪ್ಪುತ್ತೆ — ಕೈ ಹಿಂದಕ್ಕೆ ಬಂತು. ಕ್ಯಾಲೆಂಡರಿಗೆ ಚಿತ್ರಗಳನ್ನು ಭಾನುವಾರದೊಳಗೆ ಕಳಿಸಬೇಕು, ನಾಳೆಯಿಂದ ಮೋಡ, ಇದೊಂದೇ ರಾತ್ರಿ ಇರುವುದು.

ಹತ್ತು ನಿಮಿಷ ಬಿಟ್ಟು ತೆಗೆದರಾಯಿತು, ಒಂದೆರಡು ಚಿತ್ರ ಹಾಳಾದರೆ ಯಾರ ಗಂಟೇನೂ ಹೋಗುವುದಿಲ್ಲ, ಶನಿಯ ಚಿತ್ರಗಳ ಇನ್ನೊಂದು ಸುತ್ತು ಮುಗಿಯಲಿ, ಹನ್ನೆರಡೂ ನಲವತ್ತು, ಈಗ ತೆಗೆಯಬಹುದಲ್ಲ, ಆದರೆ ಆ ಹಾಳು ಯಂತ್ರ ಪ್ರತಿ ಚಿತ್ರದ ಮೇಲೂ ಗಂಟೆ ನಿಮಿಷ ಬರೆದಿಡುತ್ತದೆ, ಇಲ್ಲಿಯವರೆಗೆ ಮೀಸೆ ಇತ್ತು, ಇಲ್ಲಿಂದಾಚೆ ಇಲ್ಲ, ಕದ ಬಡೀರಿ ಅಂದಿದ್ನಲ್ಲ ಮೇಷ್ಟ್ರೇ ಎಂದು ಕೇಳಿದರೆ, ಈಗಷ್ಟೇ ನೋಡಿದೆ ಅನ್ನಬೇಕು, ಹಾಗಾದ್ರೆ ಅಲ್ಲಿವರೆಗೂ ಏನು ನೋಡ್ಕೊಂಡ್ರಿ ಅನ್ನುತ್ತಾಳೆ, ಮುಟ್ಟದೆ ಬಿಟ್ಟರೆ ಆ ಪ್ರಶ್ನೆಯೇ ಇಲ್ಲ, ಕತ್ತಲು, ಕಾಣಲಿಲ್ಲ, ಮುಗಿಯಿತು, ಎಷ್ಟು ಸಲೀಸು, ಥೂ. ಮೊದಲ ವರ್ಷ ಇವನೂ ಮರೆತಿದ್ದ, ಕ್ಲಬ್ಬಿನ ಮುದುಕ ಕ್ಲೈಡ್ ಕತ್ತಲಲ್ಲಿ ಕೆಮ್ಮುತ್ತಾ ಬಂದು, ಮುಚ್ಚಳ ತೆಗೆದು ಇವನ ಕೋಟಿನ ಜೇಬಿಗೆ ತುರುಕಿ, ಚಳಿ ಜಾಸ್ತಿ ಅಲ್ವೇನಯ್ಯ, ಅಷ್ಟೇ ಅಂದು ಹೋದವನು ಸಾಯುವವರೆಗೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ಕ್ಲಬ್ಬಿನಲ್ಲಿ ಮುಚ್ಚಳ ಮರೆತವರು ಶರತ್ಕಾಲದ ಊಟಕ್ಕೆ ಅದನ್ನೇ ಕೊರಳಿಗೆ ಕಟ್ಟಿಕೊಂಡು ಬರಬೇಕು, ಎಲ್ಲರೂ ನಗುತ್ತಾರೆ, ರೋವೀನಾ ಕಟ್ಟಿಕೊಂಡು ಬಂದರೆ — ಒಳಗೆಲ್ಲೋ ಬೆಚ್ಚಗಾಯಿತು, ಬೆಚ್ಚಗಾದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದರೂ ಎದ್ದೇಳಲಿಲ್ಲ, ಒಂದೂ ಇಪ್ಪತ್ತು, ಕೃತ್ತಿಕೆ ನೆತ್ತಿಯ ಹತ್ತಿರ, ಉಗುರಿನಿಂದ ಕೆರೆದಿಟ್ಟಷ್ಟು ಸ್ಪಷ್ಟ, ಶನಿಯನ್ನು ಕದಡಿದ ಗಾಳಿ ಇದನ್ನು ಮುಟ್ಟಲಿಲ್ಲ, ಇಂಥ ಆಕಾಶ ಹದಿನೆಂಟು ವರ್ಷದಲ್ಲಿ ಕಂಡದ್ದಿಲ್ಲ, ಅದರ ಕೆಳಗೆ ಆ ಕರಿ ಬಾಯಿ ಮುಚ್ಚಿಕೊಂಡು ಕ್ಲಿಕ್ ಅನ್ನುತ್ತದೆ, ಐದು ನಿಮಿಷ, ಕ್ಲಿಕ್ ಅನ್ನುತ್ತದೆ, ಎರಡು ಗಂಟೆ, ಎರಡೂವರೆ, ಈಗ ತೆಗೆದು ಏನು ಉಪಯೋಗ, ಯಾವಾಗಲೋ ತೆಗೆಯಬೇಕಿತ್ತು.

ಮೂರಕ್ಕೆ ವ್ಯಾನಿನ ಬಾಗಿಲು ಸರಿಯಿತು, ಕೆಂಪು ದೀಪ ಓಲಾಡುತ್ತಾ ಬಂತು, ಒಂದು ಕೈಯಲ್ಲಿ ಫ್ಲಾಸ್ಕು, ಮೇಷ್ಟ್ರೇ ಇನ್ನೂ ಎದ್ದಿದ್ದೀರಾ ಪಾಪ, ಕಾಫಿ ತಂದಿದ್ದೀನಿ, ಮೊದಲು ನೀವು ಕುಡೀರಿ, ಬಟ್ಟಲು ಕೈಗೆ ಕೊಟ್ಟಳು, ತನ್ನ ದೂರದರ್ಶಕದ ಕಡೆ ತಿರುಗಿದಳು, ನಿಂತಳು, ಇವನು ಕಾಫಿಯೊಳಗೆ ನೋಡಿದ, ಆಮೇಲೆ ಒಂದು ನಗು, ಅಳುವಿಗೆ ತೀರಾ ಹತ್ತಿರದ ನಗು, ಅಯ್ಯೋ ನನ್ನ ಬುದ್ಧಿಗಿಷ್ಟು, ತೆಗೆದೇ ಇಲ್ಲ ನೋಡಿ, ಇಡೀ ರಾತ್ರಿ ಹೋಯ್ತು, ಮೂರೂವರೆ ಗಂಟೆ, ಅಷ್ಟೂ ಹೋಯ್ತು, ವೆಂಡೆಲ್ ಬಾಯಿ ತೆರೆದ, ರೋವೀನಾ, ನಾನು — ಅಯ್ಯೋ ಬಿಡಿ ಮೇಷ್ಟ್ರೇ, ನೀವು ಬೇಜಾರು ಮಾಡ್ಕೋಬೇಡಿ, ಈ ಕತ್ತಲಲ್ಲಿ ನಿಮಗೆಲ್ಲಿ ಕಾಣಬೇಕು, ಕಂಡಿದ್ರೆ ನೀವು ಸುಮ್ಮನಿರ್ತಿದ್ರಾ, ಇರ್ತಿರ್ಲಿಲ್ಲ, ಅಂದ, ತನ್ನದೇ ದನಿ ಬೇರೆ ಯಾರದೋ ಅನ್ನಿಸಿತು, ಕಾಫಿ ಬಿಸಿ, ಇನ್ನು ಇದನ್ನು ಯಾರಿಗೆ ಹೇಳುವುದು, ಅರ್ಲೀನ್‌ಗೆ, ಉಹುಂ, ರೋವೀನಾ ಮುಚ್ಚಳವನ್ನು ತೆಗೆದಳು, ಆಕಾಶಕ್ಕೆ ಎತ್ತಿ ಹಿಡಿದು ಸೀಳುಗಳ ಮೂಲಕ ನೋಡುತ್ತಿದ್ದಾಳೆ, ಇತ್ತ ತಿರುಗಿದಳು, ಸೀಳುಗಳ ಹಿಂದೆ ಅವಳ ಕಣ್ಣು, ನೇರ ಇವನ ಕಡೆಗೆ, ಆ ಕರಿ ಮುಚ್ಚಳ, ಸೀಳು ಸೀಳಾದ ಮುಚ್ಚಳ, ಅದರ ಹಿಂದೆ ನಂಬಿಕೊಂಡು ನೋಡುತ್ತಿರುವ ಆ ಕಣ್ಣು, ಮುಚ್ಚಳ, ಕಣ್ಣು, ಮುಚ್ಚಳ